ಕಮಾನಿನೊಳಗಿನ ನೆರಳು, ಆಚೆಯ ಬಿಸಿಲು

ಕಲಬುರಗಿ ಕೋಟೆಯ ಜಾಮಿಯಾ ಮಸೀದಿಯೊಳಗೆ ನಡುಹಗಲಲ್ಲಿ ನಿಂತು ಚಿತ್ರ ತೆಗೆಯಲು ಹೋದವರಿಗೆ ಈ ಪೇಚಾಟ ಗೊತ್ತಿರುತ್ತದೆ. 1367ರ ಈ ಮಸೀದಿಗೆ ತೆರೆದ ಅಂಗಳವಿಲ್ಲ; ಇಡೀ ಕಟ್ಟಡ ಗುಮ್ಮಟಗಳ ಛಾವಣಿಯ ಕೆಳಗಿದ್ದು, ಬೆಳಕು ಮುಖ್ಯವಾಗಿ ಪಕ್ಕದ ಕಮಾನುಗಳಿಂದ ಒಳಬರುತ್ತದೆ. ಒಳಗಿನ ದಪ್ಪ ಕಂಬಗಳಿಗೆ ಎಕ್ಸ್‌ಪೋಷರ್ (ಕ್ಯಾಮೆರಾ ಒಳಗೆ ಬಿಟ್ಟುಕೊಳ್ಳುವ ಬೆಳಕಿನ ಪ್ರಮಾಣ) ಹೊಂದಿಸಿದರೆ ಕಮಾನಿನಾಚೆಯ ಬಯಲು ಬರೀ ಬಿಳುಪಾಗಿ ಅಳಿಸಿಹೋಗುತ್ತದೆ, ಬಯಲಿಗೆ ಹೊಂದಿಸಿದರೆ ಕಂಬಗಳು ಮಸಿಯಾಗುತ್ತವೆ. ಕಣ್ಣಿಗೆ ಮಾತ್ರ ಎರಡೂ ಕಾಣುತ್ತಲೇ ಇರುತ್ತವೆ.

ನಮ್ಮ ಕಡೆಯ ಬಿಸಿಲಿನ ಪ್ರಖರತೆ ಸುಮಾರು 1 ಲಕ್ಷ ಲಕ್ಸ್ (ಬೆಳಕನ್ನು ಅಳೆಯುವ ಮಾನ). ಒಳಗಿನ ಮಬ್ಬು ಮೂಲೆಯಲ್ಲಿ ಅದು 100 ಲಕ್ಸ್ ಇದ್ದರೆ ವ್ಯತ್ಯಾಸ ಸಾವಿರ ಪಟ್ಟು. ಬೆಳಕು ಒಮ್ಮೆ ಇಮ್ಮಡಿಯಾಗುವುದನ್ನು ಛಾಯಾಗ್ರಾಹಕರು ಒಂದು ‘ಸ್ಟಾಪ್’ ಎನ್ನುತ್ತಾರೆ. ಸಾವಿರ ಪಟ್ಟೆಂದರೆ ಸುಮಾರು ಹತ್ತು ಸ್ಟಾಪ್. ಬಿಳಿ ಸುಣ್ಣ ಮತ್ತು ಕಪ್ಪು ಬಟ್ಟೆ ಬೆಳಕನ್ನು ಹಿಂತಿರುಗಿಸುವ ಪ್ರಮಾಣ ಬೇರೆಬೇರೆಯಾದ್ದರಿಂದ ಇನ್ನೂ ನಾಲ್ಕು ಸ್ಟಾಪ್ ಸೇರುತ್ತವೆ. ಒಳ್ಳೆಯ ಡಿಜಿಟಲ್ ಕ್ಯಾಮೆರಾ ಹನ್ನೆರಡರಿಂದ ಹದಿನಾಲ್ಕು ಸ್ಟಾಪ್‌ಗಳನ್ನು ಹಿಡಿದೀತು. ಅಚ್ಚಾದ ಕಾಗದಕ್ಕೆ ಆರೇಳು ದಕ್ಕಿದರೆ ಹೆಚ್ಚು. ಕಣ್ಣಾದರೋ ನೋಟ ಸರಿದಲ್ಲೆಲ್ಲ ತನ್ನನ್ನು ಹೊಂದಿಸಿಕೊಳ್ಳುತ್ತದೆ, ಮಿದುಳು ಆ ನೋಟಗಳನ್ನು ಹೆಣೆದು ಒಂದೇ ದೃಶ್ಯವನ್ನಾಗಿ ಕೊಡುತ್ತದೆ.

ಹೈ ಡೈನಮಿಕ್ ರೇಂಜ್, ಅಂದರೆ ಎಚ್‌ಡಿಆರ್, ಈ ಹೆಣಿಗೆಯನ್ನೇ ಯಂತ್ರದಿಂದ ಮಾಡಿಸುತ್ತದೆ. ಕ್ಯಾಮೆರಾವನ್ನು ಟ್ರೈಪಾಡ್ ಮೇಲೆ ಅಲುಗದಂತೆ ಇಟ್ಟು ಒಂದೇ ದೃಶ್ಯವನ್ನು ಕಡಿಮೆ, ಹದ, ಹೆಚ್ಚು ಎಕ್ಸ್‌ಪೋಷರ್‌ಗಳಲ್ಲಿ ಸೆರೆಹಿಡಿದು, ಒಂದೊಂದರಲ್ಲೂ ಸರಿಯಾಗಿ ಮೂಡಿದ ಭಾಗಗಳ ಮಾಹಿತಿಯನ್ನು ಒಗ್ಗೂಡಿಸಲಾಗುತ್ತದೆ. ಫ್ರಾನ್ಸಿನ ಛಾಯಾಗ್ರಾಹಕ ಗುಸ್ತಾವ್ ಲ ಗ್ರೇ 1850ರ ದಶಕದಲ್ಲೇ ಕಡಲಿಗೊಂದು, ಆಕಾಶಕ್ಕೊಂದು ನೆಗೆಟಿವ್ ತೆಗೆದು ಒಂದೇ ಕಾಗದದ ಮೇಲೆ ಮೂಡಿಸಿದ್ದ. ಬೇರೆಬೇರೆ ಎಕ್ಸ್‌ಪೋಷರ್‌ಗಳ ಚಿತ್ರಗಳಿಂದ ದೃಶ್ಯದ ಬೆಳಕನ್ನು ಲೆಕ್ಕಹಾಕಿ ಹೊರತೆಗೆಯುವ ಪ್ರಸಿದ್ಧ ವಿಧಾನವನ್ನು ಕಂಪ್ಯೂಟರ್ ವಿಜ್ಞಾನಿಗಳಾದ ಪಾಲ್ ಡೆಬೆವೆಕ್ ಮತ್ತು ಜಿತೇಂದ್ರ ಮಲಿಕ್ 1997ರಲ್ಲಿ ಪ್ರಕಟಿಸಿದರು. ಇಂದು ಮೊಬೈಲ್ ಈ ಬಗೆಯ ಕೆಲಸವನ್ನು ನಮಗೆ ತಿಳಿಸದೆಯೇ ಮುಗಿಸುತ್ತದೆ.

ಕಷ್ಟ ಶುರುವಾಗುವುದು ಆಮೇಲೆ. ಹೀಗೆ ಸಿಕ್ಕ ಅಗಾಧ ವ್ಯಾಪ್ತಿಯನ್ನು ಪರದೆಯ ಇಕ್ಕಟ್ಟಿನಲ್ಲಿ ಅಡಕಮಾಡುವ ಕ್ರಿಯೆಗೆ ಟೋನ್ ಮ್ಯಾಪಿಂಗ್ ಎಂದು ಹೆಸರು. ಇಡೀ ಚಿತ್ರವನ್ನು ಒಂದೇ ಅಳತೆಯಲ್ಲಿ ಕುಗ್ಗಿಸಿದರೆ ಚಿತ್ರ ಸಪ್ಪೆಯಾಗುತ್ತದೆ. ಆದ್ದರಿಂದ ಪ್ರತಿ ಭಾಗವನ್ನೂ ಅದರ ಸುತ್ತಲಿನ ಬೆಳಕಿಗೆ ಹೋಲಿಸಿ ಹೊಂದಿಸುತ್ತಾರೆ. ಕಣ್ಣು ಕೂಡ ಬೆಳಕಿನ ನಿಜ ಪ್ರಮಾಣಕ್ಕಿಂತ ನೆರೆಹೊರೆಯ ಅನುಪಾತಕ್ಕೇ ಹೆಚ್ಚು ಸ್ಪಂದಿಸುವುದರಿಂದ, ಹದವಾಗಿ ಮಾಡಿದ ಎಚ್‌ಡಿಆರ್ ನಾವೇ ಅಲ್ಲಿ ನಿಂತು ನೋಡಿದಂಥ ಖುಷಿ ಕೊಡುತ್ತದೆ. ಅತಿಯಾದರೆ ಕಮಾನಿನ ಅಂಚಿನ ಸುತ್ತ ಬಿಳಿಯ ಪ್ರಭಾವಳಿ ಮೂಡಿ, ಗಾರೆಯ ಸಣ್ಣ ಬಿರುಕೂ ಕೂಗಿ ಕರೆಯತೊಡಗುತ್ತದೆ. ಪ್ರವಾಸದ ಜಾಹೀರಾತುಗಳಲ್ಲಿ ಇಂಥ ಚಿತ್ರಗಳೇ ಹೆಚ್ಚೆಂಬುದು ನನ್ನ ತಕರಾರು.

ನೆರಳನ್ನೆಲ್ಲ ಬೆಳಗಿಸಬೇಕೆಂದಿಲ್ಲ; ಬೀದರಿನ ಬಿದ್ರಿ ಹೂಜಿಯನ್ನು ನೋಡಿ. ತಾಮ್ರ ಬೆರೆಸಿದ ಸತುವಿನಲ್ಲಿ ಬೆಳ್ಳಿಯ ಎಳೆಗಳನ್ನು ಕೂರಿಸಿ, ಕೋಟೆಯ ಮಣ್ಣು ಮತ್ತು ನವಸಾಗರ ಕಲಸಿ ಬಳಿದಾಗ ಸತು ಕಪ್ಪಾಗುತ್ತದೆ, ಬೆಳ್ಳಿ ಹಾಗೆಯೇ ಉಳಿಯುತ್ತದೆ. ಆ ಕಪ್ಪನ್ನು ತುಸು ಬೂದುಬಣ್ಣಕ್ಕೆ ತಿರುಗಿಸಿದರೂ ಬೆಳ್ಳಿಯ ಹೊಳಪು ಇಳಿದುಹೋದೀತು. ಹಾಗಾಗಿ ಮಸೀದಿಯ ಚಿತ್ರಗಳನ್ನು ಹೆಣೆಯುವಾಗ ಕಮಾನಿನಾಚೆಯ ಹುಲ್ಲಿನ ಬಣ್ಣವನ್ನು ಉಳಿಸಿಕೊಳ್ಳುತ್ತೇನೆ, ಹಿಂದಿನ ಸಾಲಿನ ಕಂಬಗಳ ಬುಡವನ್ನು ಕತ್ತಲಲ್ಲೇ ಬಿಡುತ್ತೇನೆ.