ನಳ್ಳಿ ಉದುರಿದರೆ ಬಾಟಲಿ ತರಬೇಡಿ

ಮಾರ್ಚ್ ಬಂತೆಂದರೆ ನನ್ನ ಫೋನಿಗೆ ಒಂದೇ ಪ್ರಶ್ನೆ. "ಸಾರ್, ನಳ್ಳಿ ಎಲ್ಲ ಉದುರ್ತಾ ಉಂಟು. ಯಾವ ಹಾರ್ಮೋನು ಬಿಡ್ಬೇಕು?" ನಳ್ಳಿ ಎಂದರೆ ಅಡಿಕೆಯ ಎಳೆಕಾಯಿ. ಕಾಸರಗೋಡು ಕಡೆಯ ಬದಿಯಡ್ಕದಿಂದ ಫೋನ್ ಬರುತ್ತದೆ, ಪೈವಳಿಕೆಯಿಂದ ಬರುತ್ತದೆ. ಯಾಕೆ ಉದುರುತ್ತಿದೆ ಎಂದು ಕೇಳುವವರು ಕಡಿಮೆ. ಕೆಲವರಂತೂ ಮದ್ದು ಬಿಟ್ಟು ಮುಗಿಸಿದ ಮೇಲೆ ಫೋನ್ ಮಾಡುತ್ತಾರೆ.

ಕಳೆದ ಬೇಸಿಗೆಯಲ್ಲಿ ಪೆರ್ಲದ ಹತ್ತಿರ ಒಬ್ಬ ಹಿರಿಯರ ಅಡಿಕೆ ತೋಟಕ್ಕೆ ಹೋಗಿದ್ದೆ. ಒಂದು ಸಲ ಹಾರ್ಮೋನು ಬಿಟ್ಟಿದ್ದರು. ಉದುರುವುದು ನಿಲ್ಲಲಿಲ್ಲ. ಎರಡನೇ ಸಲ ಡಬಲ್ ಹಾಕಿದರು. ಆಗ ಇನ್ನೂ ಜಾಸ್ತಿ ಉದುರಿತು. "ಅಂಗಡಿಯವ ಡುಪ್ಲಿಕೇಟ್ ಕೊಟ್ಟಿದ್ದಾನೆ ಸಾರ್" ಎಂದರು. ಪಾಪ, ಅಂಗಡಿಯವನ ಮದ್ದು ಸರಿಯಾಗಿಯೇ ಇತ್ತು. ತೊಂದರೆ ಆದದ್ದೇ ಅದರಿಂದ.

ಇದನ್ನು ಸ್ವಲ್ಪ ನಿಧಾನವಾಗಿ ಹೇಳುತ್ತೇನೆ. ಯಾಕೆಂದರೆ ಎಷ್ಟು ಸಲ ಹೇಳಿದರೂ ಇದೊಂದು ಮಾತು ತಲೆಗೆ ಹೋಗುವುದಿಲ್ಲ. ಕಾಯಿ ಗೊನೆಗೆ ಅಂಟಿಕೊಂಡ ಜಾಗದಲ್ಲಿ ಜೀವಕೋಶಗಳ ಒಂದು ತೆಳು ಪದರ ಇರುತ್ತದೆ. ಬೆಳೆಯುತ್ತಿರುವ ಎಳೆಕಾಯಿ ಆಕ್ಸಿನ್ ಎಂಬ ಹಾರ್ಮೋನನ್ನು ಆ ಪದರದ ಕಡೆಗೆ ಕಳಿಸುತ್ತಾ ಇರುತ್ತದೆ. ಅದು ಬರುತ್ತಾ ಇರುವಷ್ಟು ದಿನ ಪದರ ಬಿಗಿಯಾಗಿರುತ್ತದೆ. ನೀರು ಸಾಲದೆಯೋ, ಕಾಯಿಯ ರಸ ಹೀರುವ ತಿಗಣೆ ಎಂಬ ಕೀಟ ಚುಚ್ಚಿಯೋ ಕಾಯಿ ಸೋತಿತೆನ್ನಿ, ಆಕ್ಸಿನ್ ಕಡಿಮೆಯಾಗುತ್ತದೆ. ಆಗ ಗಿಡದೊಳಗೇ ಹುಟ್ಟುವ ಎಥಿಲೀನ್ ಎಂಬ ಅನಿಲದ ಕೈ ಮೇಲಾಗುತ್ತದೆ. ಕೋಶಗಳ ನಡುವಿನ ಅಂಟು ಕರಗುತ್ತದೆ. ಆಮೇಲೆ ಒಂದು ಗಾಳಿ ಸಾಕು.

ಎಥಿಲೀನ್ ಹೊಸದೇನಲ್ಲ. ನನ್ನ ಅಜ್ಜಿ ಬಾಳೆಗೊನೆಗೆ ಹೊಗೆ ಹಾಕಿ ಹಣ್ಣು ಮಾಡುತ್ತಿದ್ದದ್ದು ಇದೇ ಅನಿಲದ ಬಲದಿಂದ. ಹೊಗೆಯಲ್ಲಿ ಅದು ಇರುತ್ತದೆ. ಅಜ್ಜಿಗೆ ಹೆಸರು ಗೊತ್ತಿರಲಿಲ್ಲ, ಎಷ್ಟು ಹೊಗೆ ಬೇಕೆಂದು ಗೊತ್ತಿತ್ತು.

ಅಂಗಡಿಯ ಹಾರ್ಮೋನು ಬಾಟಲಿಯಲ್ಲಿರುವ ಎನ್‌ಎಎ ಎಂದರೆ ಆಕ್ಸಿನ್‌ನಂತೆಯೇ ಕೆಲಸ ಮಾಡುವ, ಕಾರ್ಖಾನೆಯಲ್ಲಿ ಮಾಡಿದ ನಕಲು. ಶೇಕಡಾ 4.5ರ ಬಾಟಲಿಯಿಂದ 1 ಮಿಲಿಲೀಟರನ್ನು 4.5 ಲೀಟರ್ ನೀರಿಗೆ ಹಾಕಿದರೆ 10 ಪಿಪಿಎಂ ಆಗುತ್ತದೆ. ಎಂದರೆ 10 ಲಕ್ಷಕ್ಕೆ 10 ಪಾಲು. ಲೆಕ್ಕ ಅಷ್ಟು ಸಣ್ಣದು. ಗಿಡಕ್ಕೆ ಆಕ್ಸಿನ್ ಅತಿಯಾದರೆ ಗಿಡವೇ ಎಥಿಲೀನ್ ಹುಟ್ಟಿಸಿಕೊಳ್ಳುತ್ತದೆ. ಉದುರಬೇಡ ಎಂದು ಬಿಟ್ಟ ಮದ್ದು ಉದುರು ಎಂದು ಹೇಳುತ್ತದೆ, ಅಲ್ವಾ? ಸೇಬು ಬೆಳೆಯುವವರು ಹೂ ಮುಗಿದ ಕೆಲವು ವಾರಕ್ಕೆ ಕಾಯಿ ಉದುರಿಸಲು ಬಳಸುವುದೂ ಇದನ್ನೇ, ಕೊಯ್ಲಿನ ಮೊದಲು ಉದುರದಂತೆ ಹಿಡಿಯಲು ಬಳಸುವುದೂ ಇದನ್ನೇ. ಗದ್ದೆಯ ಕಳೆಗೆ ಬಿಡುವ 2,4-ಡಿ ಕೂಡ ನಕಲಿ ಆಕ್ಸಿನ್ನೇ. ಅದೇ ಪಂಪನ್ನು ಸರಿಯಾಗಿ ತೊಳೆಯದೆ ಅಲಸಂಡೆಗೆ ಮದ್ದು ಬಿಟ್ಟು, ಎಲೆ ಮುರುಟಿತೆಂದು ಬಂದವರನ್ನೂ ಕಂಡಿದ್ದೇನೆ.

ಸರಿಯಾದ ಪ್ರಮಾಣದಲ್ಲೇ ಬಿಟ್ಟಿರಿ ಅನ್ನೋಣ. ಆಗಲೂ ಅದು ಬರೀ ಹೇಳಿಕೆ, ಊಟಕ್ಕೆ ಕರೆದ ಹಾಗೆ. ಸಾವಿರ ಜನಕ್ಕೆ ಹೇಳಿಕೆ ಕೊಟ್ಟು ನೂರು ಜನಕ್ಕೆ ಅನ್ನ ಬೇಯಿಸಿದರೆ ಪಂಕ್ತಿಯಲ್ಲಿ ಏನಾಗುತ್ತದೆ? ಹಿಂಗಾರದ, ಎಂದರೆ ಅಡಿಕೆಯ ಹೂಗೊಂಚಲಿನ, ಹೆಣ್ಣು ಹೂವೆಲ್ಲ ಕಾಯಿ ಆಗುವುದಿಲ್ಲ. ಸಾಕಲು ಆಗದ್ದನ್ನು ಮರ ಬಿಟ್ಟುಬಿಡುತ್ತದೆ. ಅದು ಮರದ ಸಂಸಾರದ ಲೆಕ್ಕ.

ಆ ತೋಟದ ನಳ್ಳಿ ಒಂದು ಮುಷ್ಟಿ ಹೆಕ್ಕಿ ತೊಟ್ಟು ಬಿಡಿಸಿ ನೋಡಿದೆ. ತಿಗಣೆ ಚುಚ್ಚಿದ್ದರೆ ಸೂಜಿಮೊನೆಯಂಥ ಕಪ್ಪು ಚುಕ್ಕೆ ಕಾಣುತ್ತದೆ. ಎರಡೋ ಮೂರರಲ್ಲಿ ಇತ್ತು, ಉಳಿದದ್ದು ಚೊಕ್ಕ. ಹಿಂಗಾರ ಒಣಗಿರಲಿಲ್ಲ. "ನೀರು ಹೇಗೆ ಮಾವ?" ಎಂದೆ. ನೀರಿಗಾಗಿ ಗುಡ್ಡಕ್ಕೆ ಅಡ್ಡ ಕೊರೆದ ಸುರಂಗದ ನೀರು ಫೆಬ್ರವರಿಯಲ್ಲೇ ಸಣ್ಣದಾಗಿತ್ತು. ಟ್ಯಾಂಕಿ ತುಂಬಲು ಎರಡು ದಿನ ಬೇಕು. ಮೇಲಿನ ಸಾಲಿಗೆ ಹತ್ತು ದಿನಕ್ಕೊಮ್ಮೆ ನೀರು. ಮಾರ್ಚಿನಿಂದ ಮೇ ತನಕ ಅಡಿಕೆಗೆ ಮೂರರಿಂದ ಐದು ದಿನಕ್ಕೊಮ್ಮೆಯಾದರೂ ನೀರು ಬೇಕು. ಇಷ್ಟೇ ಕಾರಣ ಎಂದು ನಾನು ಹೇಳುವುದಿಲ್ಲ. ಮಣ್ಣು ಪರೀಕ್ಷೆ ಮಾಡಿಸಿರಲಿಲ್ಲ. ನಿಮ್ಮ ತೋಟದ ಕಾರಣ ಬೇರೆ ಇರಬಹುದು, ನೋಡದೆ ಹೇಳಲಾಗದು. ಆದರೆ ಬುಡಕ್ಕೆ ಸೋಗೆ ಮುಚ್ಚಿ, ಇದ್ದ ನೀರನ್ನು ಹನಿ ಪೈಪಿಗೆ ತಿರುಗಿಸಿ ಎಂದು ಧೈರ್ಯವಾಗಿ ಹೇಳಿದೆ.

ಇನ್ನೊಂದು ಎಚ್ಚರಿಕೆ. ಹಲಸಿನ ಕೊಂಬೆ ಹೋದರೆ ಇನ್ನೊಂದು ಚಿಗುರುತ್ತದೆ. ಅಡಿಕೆಗೂ ತೆಂಗಿಗೂ ಇರುವುದು ಒಂದೇ ಸುಳಿ, ಮರದ ತುದಿಯ ಬೆಳೆಯುವ ಮೊಳಕೆ. ಅದು ಸತ್ತರೆ ಮರ ಸತ್ತಂತೆ. ಪ್ರಯೋಗ ಮಾಡುವ ಚಪಲ ಇದ್ದವರು ಇದನ್ನು ನೆನಪಿಡಬೇಕು.

ಒಬ್ಬರು ಕೇಳಿದ್ದರು, "ಎಳನೀರಲ್ಲೂ ಹಾರ್ಮೋನು ಉಂಟಂತೆ, ಅದನ್ನೇ ಬಿಟ್ಟರೆ?" ಇರುವುದು ನಿಜ. 1941ರಲ್ಲೇ ಉಮ್ಮತ್ತಿ (ದತ್ತೂರ) ಗಿಡದ ಬೀಜದೊಳಗಿನ ಎಳೆ ಭ್ರೂಣಗಳನ್ನು ಪ್ರಯೋಗಾಲಯದಲ್ಲಿ ಬೆಳೆಸಲು ಎಳನೀರು ಬಳಸಿದ್ದರು. ಅದು ಗಾಜಿನ ಪಾತ್ರೆಯೊಳಗಿನ ಕೆಲಸ. ತೋಟದಲ್ಲಿ ಎಳನೀರು ಕುಡಿಯುವುದೇ ಒಳ್ಳೆಯದು.

ಪೆರ್ಲದ ಮಾವ ಎಲ್ಲವನ್ನೂ ತಲೆಯಾಡಿಸುತ್ತಾ ಕೇಳಿದರು. ಮಜ್ಜಿಗೆ ಕೊಟ್ಟರು. ಗೇಟಿನ ತನಕ ಬಂದು ಸ್ವರ ತಗ್ಗಿಸಿ ಕೇಳಿದರು, "ಬಾಟಲಿಯಲ್ಲಿ ಅರ್ಧ ಉಳಿದಿದೆ ಸಾರ್. ಮನೆಯವಳ ಮಲ್ಲಿಗೆಗೆ ಬಿಡಬಹುದಾ?"