ಕೋಟೆ ಕಟ್ಟಿದವನ ಟೆಂಡರ್ ತಕರಾರು

ಘಟ್ಟದ ರಸ್ತೆಯ ತಡೆಗೋಡೆಯೊಂದು ಮೊದಲ ಮಳೆಗಾಲಕ್ಕೇ ಹೊಟ್ಟೆ ಬಿಟ್ಟುಕೊಂಡು ವಾಲಿತ್ತು. ನೋಡಲು ಹೋದವನು ವೀಪ್ ಹೋಲ್ ಎಂಬ ನೀರು ಬಸಿಯುವ ತೂತೊಂದಕ್ಕೆ ಕಬ್ಬಿಣದ ಸರಳು ತೂರಿಸಿದೆ. ಗೇಣುದ್ದ ಹೋಗಿ ಟಕ್ ಎಂದು ನಿಂತಿತು. ಪಕ್ಕದ್ದೂ ಅಷ್ಟೆ, ಅದರ ಪಕ್ಕದ್ದೂ ಅಷ್ಟೆ. ಹಿಂದಿನ ಮಣ್ಣಿನ ನೀರು ಹೊರಬರಲೆಂದು ಗೋಡೆಯ ಪೂರ್ತಿ ದಪ್ಪಕ್ಕೆ ಇರಬೇಕಿದ್ದ ಪೈಪಿನ ಬದಲು, ಮುಖಕ್ಕೆ ಮಾತ್ರ ಗೇಣುದ್ದದ ತುಂಡುಗಳನ್ನು ಸಿಕ್ಕಿಸಿದ್ದರು. ಫೋಟೋದಲ್ಲಿ ಸಾಲಾಗಿ ಚೆಂದ ಕಾಣುತ್ತಿದ್ದವು. ಎಂ.ಬಿ.ಯಲ್ಲಿ, ಅಂದರೆ ಕೆಲಸದ ಅಳತೆ ಪುಸ್ತಕದಲ್ಲಿ, ಎಣಿಕೆಯೂ ಸರಿಯಿತ್ತು. ಗುತ್ತಿಗೆದಾರ ಕೆಲಸ ಹಿಡಿದದ್ದು 27 ಪರ್ಸೆಂಟ್ ಬಿಲೋಗೆ, ಅಂದರೆ ಅಂದಾಜು ಮೊತ್ತಕ್ಕಿಂತ ಅಷ್ಟು ಕಡಿಮೆಗೆ. ಬೈಯುವ ಮುಂಚೆ ದರಗಳನ್ನು ಒಂದೊಂದಾಗಿ ಬಿಡಿಸಿ ನೋಡಿದೆ. ಪೈಪು ಪೂರ್ತಿ ಹಾಕಿ, ಹಿಂದೆ ಜಲ್ಲಿ ತುಂಬಿಸಿದ್ದರೆ ಆತ ಮನೆಯಿಂದ ದುಡ್ಡು ತರಬೇಕಿತ್ತು.

ಇಂಥ ಕಡೆಯೆಲ್ಲ ನನಗೆ ನೆನಪಾಗುವುದು ಒಂದು ಹಳೇ ಪತ್ರ. ಬರೆದ ದಿನ 1683ರ ಜುಲೈ 17. ಬರೆದವನು ಫ್ರಾನ್ಸಿನ ಕೋಟೆ ಕಾಮಗಾರಿಗಳ ಮುಖ್ಯಸ್ಥ ಸೆಬಾಸ್ಟಿಯನ್ ಲ ಪ್ರೆತ್ರ್ ದ ವೋಬಾನ್. ಬರೆದದ್ದು ಹದಿನಾಲ್ಕನೇ ಲೂಯಿಯ ಯುದ್ಧಮಂತ್ರಿ ಲೂವ್ವಾಗೆ, ಬೆಲ್ ಈಲ್ ದ್ವೀಪದಿಂದ. ಹಿಂದಿನ ವರ್ಷಗಳ ಕೆಲಸದ ಬಾಲಗಳು ಇನ್ನೂ ಉಳಿದಿವೆ, ಅವು ಮುಗಿಯುವುದೂ ಇಲ್ಲ ಎಂದು ನೇರವಾಗಿ ಶುರು ಮಾಡುತ್ತಾನೆ. ಕಾರಣವನ್ನೂ ಮುಚ್ಚಿಡುವುದಿಲ್ಲ. ನೀವು ಪದೇ ಪದೇ ದರ ಇಳಿಸುತ್ತೀರಿ, ಒಪ್ಪಂದ ಮುರಿಯುತ್ತೀರಿ, ಮತ್ತೆ ಹರಾಜಿಗಿಡುತ್ತೀರಿ. ಅದಕ್ಕೇ ನಿಮ್ಮ ಬಳಿ ಬರುವವರು ದಿಕ್ಕುಗಾಣದ ದರಿದ್ರರು, ಠಕ್ಕರು, ಕೆಲಸ ತಿಳಿಯದವರು. ಕೈಯಲ್ಲಿ ನಾಲ್ಕು ಕಾಸಿದ್ದು ಕೆಲಸ ನಡೆಸಬಲ್ಲವರು ಓಡಿಹೋಗುತ್ತಾರೆ. ನಷ್ಟಕ್ಕೆ ಬಿದ್ದವನು ನೀರಲ್ಲಿ ಮುಳುಗುವವನ ಹಾಗೆ ಸಿಕ್ಕಿದ್ದನ್ನೆಲ್ಲ ಹಿಡಿಯುತ್ತಾನೆ. ಸಾಮಾನು ಕೊಟ್ಟವರ ಬಾಕಿ ನಿಲ್ಲಿಸುತ್ತಾನೆ, ಕೂಲಿ ಕತ್ತರಿಸುತ್ತಾನೆ, ಕಳಪೆ ಮಾಲು ಹಾಕುತ್ತಾನೆ, ಪ್ರತಿಯೊಂದಕ್ಕೂ ತಕರಾರು ತೆಗೆಯುತ್ತಾನೆ. ಕೆಲಸಕ್ಕೆ ತಕ್ಕ ಬೆಲೆ ಕೊಡಿ, ಸರಿಯಾಗಿ ಮಾಡುವವನಿಗೆ ನ್ಯಾಯವಾದ ಸಂಪಾದನೆ ಬಿಡಿ, ಕೊನೆಗೆ ಅದೇ ನಿಮಗೆ ಅಗ್ಗ. ಪತ್ರದ ತಾತ್ಪರ್ಯ ಇಷ್ಟು.

ಇದು ಗುತ್ತಿಗೆದಾರರ ಸಂಘದ ಮನವಿಯಲ್ಲ, ಬಿಲ್ ಪಾಸು ಮಾಡುವ ಕಡೆಯವನ ಮಾತು ಎಂಬುದನ್ನು ಗಮನಿಸಬೇಕು.

ವೋಬಾನ್ ಹುಟ್ಟಿದ್ದು 1633ರಲ್ಲಿ, ಬರ್ಗಂಡಿಯ ಮೊರ್ವಾನ್ ಸೀಮೆಯ ಒಂದು ಹಳ್ಳಿಯಲ್ಲಿ. ಕುಲೀನ ಮನೆತನ ಹೌದು, ಆದರೆ ಬಿರುದಿಗೆ ತಕ್ಕ ಹಣವಿರಲಿಲ್ಲ. 17-18ರ ವಯಸ್ಸಿಗೆ ರಾಜನ ವಿರುದ್ಧ ಬಂಡೆದ್ದಿದ್ದ ರಾಜಕುಮಾರ ಕಾಂದೆಯ ಸೈನ್ಯ ಸೇರಿ, 1653ರಲ್ಲಿ ರಾಜಪಕ್ಷದ ಕೈಗೆ ಸೆರೆಸಿಕ್ಕಿದ. ರಾಜನ ಮಂತ್ರಿ ಮಜರೇನ್ ಅವನನ್ನು ಒಲಿಸಿಕೊಂಡು ತಮ್ಮ ಪಕ್ಷಕ್ಕೆ ಸೇರಿಸಿಕೊಂಡ. 1655ಕ್ಕೆ ರಾಜನ ಎಂಜಿನಿಯರ್, 1678ಕ್ಕೆ ಕೋಟೆಗಳ ಮುಖ್ಯಸ್ಥ, 1703ಕ್ಕೆ ಮಾರ್ಷಲ್. ಫ್ರಾನ್ಸಿನಲ್ಲಿ ಎಂಜಿನಿಯರೊಬ್ಬ ಆ ಪದವಿಗೇರಿದ್ದು ಅದೇ ಮೊದಲು.

ನಕ್ಷತ್ರಾಕಾರದ ಕೋಟೆ ಎಂದೊಡನೆ ಜನ ಅವನ ಹೆಸರು ಹೇಳುತ್ತಾರೆ. ಸಕಲೇಶಪುರದ ಬಳಿ ಟಿಪ್ಪು ಕಟ್ಟಿಸಿದ ಮಂಜರಾಬಾದ್ ಕೋಟೆಯ ಡ್ರೋನ್ ಫೋಟೋಗಳ ಕೆಳಗೂ ಅವನ ಹೆಸರಿರುತ್ತದೆ. ಆಕಾರ ಅವನದಲ್ಲ, ಇಟಲಿಯವರು ಅವನಿಗಿಂತ ನೂರು ವರ್ಷ ಮುಂಚೆಯೇ ಕಂಡುಕೊಂಡದ್ದು. ಗೋಡೆಯ ಬುಡಕ್ಕೆ ಬಂದು ನಿಂತವನನ್ನು ಪಕ್ಕದ ಕೊತ್ತಲದಿಂದ ಹೊಡೆಯಲು ಸಾಧ್ಯವಾಗಬೇಕು, ಎಲ್ಲೂ ಮರೆ ಇರಬಾರದು. ಆ ಚೂಪು ಮೂಲೆಗಳೆಲ್ಲ ಇದಕ್ಕೇ. ವೋಬಾನ್ ಅದನ್ನು ನೆಲದ ಏರಿಳಿತಕ್ಕೆ ತಕ್ಕಂತೆ ಬಗ್ಗಿಸಿದ. ಲೀಲ್ ನಗರದ ಅವನ ಐದು ಮೂಲೆಯ ಕೋಟೆ ಈಗಲೂ ಗಟ್ಟಿಯಾಗಿ ನಿಂತಿದೆ. ಅವನು ಈಗಿನ ಬೆಲ್ಜಿಯಂನ ಟೂರ್ನೆಯಲ್ಲಿ ಕಟ್ಟಿದ ಕೋಟೆಯ ಮಾದರಿಯಲ್ಲೇ ಪಾಂಡಿಚೇರಿಯ ಫೋರ್ಟ್ ಲೂಯಿ ಎದ್ದದ್ದು; ಅದನ್ನು 1761ರಲ್ಲಿ ಇಂಗ್ಲಿಷರು ನೆಲಸಮ ಮಾಡಿದರು.

ಕಟ್ಟುವುದಕ್ಕಿಂತ ಒಡೆಯುವುದರಲ್ಲಿ ಅವನ ಕೈ ಹೆಚ್ಚು ಪಳಗಿತ್ತು ಅನಿಸುತ್ತದೆ. 1673ರ ಜೂನ್, ಡಚ್ಚರ ಕೈಲಿದ್ದ ಮಾಸ್ಟ್ರಿಕ್ಟ್ ಊರಿನ ಮುತ್ತಿಗೆ. ಅಲ್ಲಿಯವರೆಗೆ ಕೋಟೆಯ ಕಡೆಗೆ ಸೊಟ್ಟಗೆ ಕಂದಕ ತೋಡಿಕೊಂಡು ಹೋಗಿ ಕೊನೆಗೆ ಪ್ರಾಣ ಕೊಟ್ಟು ನುಗ್ಗುವುದು ವಾಡಿಕೆ. ವೋಬಾನ್ ಕೋಟೆಗೆ ಸಮಾನಾಂತರವಾಗಿ ಒಂದರ ಮುಂದೊಂದು ಅಗಲ ಕಂದಕ ತೋಡಿಸಿ, ಸೊಟ್ಟ ಕಂದಕಗಳಿಂದ ಅವನ್ನು ಜೋಡಿಸಿದ. ಸೈನಿಕರು ನೆಲದ ಮರೆಯಲ್ಲೇ ಗೋಡೆಯ ಬುಡ ಮುಟ್ಟಿದರು. ಊರು 13 ದಿನಕ್ಕೆ ಬಿತ್ತು. ರಾಜ ಅಲ್ಲೇ ಇದ್ದ. ‘ತ್ರೀ ಮಸ್ಕಿಟೀರ್ಸ್’ ಕಾದಂಬರಿಯಿಂದ ನಮಗೆಲ್ಲ ಪರಿಚಯವಾದ ದಾರ್ತಾನ್ಯಾ ಎಂಬ ನಿಜವಾದ ಸೇನಾನಿ ಸತ್ತದ್ದೂ ಅಲ್ಲೇ, ವೋಬಾನನ ಕಂದಕದಲ್ಲಲ್ಲ, ತರಾತುರಿಯ ಒಂದು ನುಗ್ಗಾಟದಲ್ಲಿ. ಇದರಿಂದ ವೋಬಾನನನ್ನು ಸಂತನನ್ನಾಗಿ ಮಾಡಬೇಕಿಲ್ಲ. ಲೂಯಿಯ ದುರಾಸೆಗೆ ಊರೂರು ಗೆದ್ದುಕೊಟ್ಟವನು ಅವನೇ. ಹೆಣ ಎಷ್ಟು ಬೀಳುತ್ತದೆ ಎಂಬುದನ್ನೂ ಎಸ್ಟಿಮೇಟಿನಲ್ಲಿ ಸೇರಿಸಿದವನು, ಅಷ್ಟೆ.

ನಮ್ಮ ವೃತ್ತಿಯವರಿಗೆ ರುಚಿಸುವುದು ಬೇರೆ ವಿಷಯ. ಮಣ್ಣು ಅಗೆದು ಸಾಗಿಸುವುದಕ್ಕೆ ದರ ಕಟ್ಟುವುದು ಹೇಗೆಂದು ಅವನು ಸೂಚನೆ ಬರೆದಿಟ್ಟಿದ್ದ. ಮಣ್ಣು ಮೆದುವೋ ಗಟ್ಟಿಯೋ, ಕೈಗಾಡಿ ಎಷ್ಟು ದೂರ ಹೋಗಬೇಕು, ಎಷ್ಟು ಎತ್ತರ ಹತ್ತಬೇಕು. ನಾವು ಇವತ್ತೂ ಲೀಡು, ಲಿಫ್ಟು ಅಂತ ದರಪಟ್ಟಿಯಲ್ಲಿ ಬರೆಯುವುದು ಇದನ್ನೇ. ತಡೆಗೋಡೆಗೂ ಅವನದೊಂದು ಅಡ್ಡಕೊಯ್ತದ ಮಾದರಿ ಇತ್ತು: ಹೊರಮುಖಕ್ಕೆ ಇಳಿಜಾರು, ಹಿಂಬದಿಗೆ ಮಣ್ಣಿನೊಳಗೆ ಚಾಚಿದ ಆಸರೆಗೋಡೆಗಳು, ಎತ್ತರ ಹೆಚ್ಚಿದಂತೆ ಬುಡಕ್ಕೆ ಹೆಚ್ಚು ದಪ್ಪ. ಮಣ್ಣಿನ ಒತ್ತಡದ ಸೂತ್ರವನ್ನು ಫ್ರೆಂಚ್ ಎಂಜಿನಿಯರ್ ಕೂಲಂಬ್ ಮಂಡಿಸಿದ್ದು 1773ರಲ್ಲಿ, ವೋಬಾನ್ ಸತ್ತು 66 ವರ್ಷದ ಮೇಲೆ. ಸೂತ್ರವಿಲ್ಲದೆ ಕಟ್ಟಿದ ಗೋಡೆಗಳು ನಿಂತಿವೆ. ಸೂತ್ರ, ಸಾಫ್ಟ್‌ವೇರ್ ಎಲ್ಲ ಇದ್ದ ನಮ್ಮದು ಒಂದು ಮಳೆ ತಡೆಯಲಿಲ್ಲ.

ಲೆಕ್ಕದ ಚಟ ಅವನನ್ನು ಕೋಟೆಯ ಆಚೆಗೂ ಎಳೆಯಿತು. ಒಂದು ಹೆಣ್ಣು ಹಂದಿಯ ಸಂತತಿ ಹತ್ತು ತಲೆಮಾರಿಗೆ ಎಷ್ಟಾಗುತ್ತದೆಂದು ಗುಣಿಸಿ 60 ಲಕ್ಷ ದಾಟಿಸಿದ; ಬಡವರ ಊಟಕ್ಕೆ ದಾರಿ ಹುಡುಕುತ್ತಿದ್ದ ಅಂತ ಇಟ್ಟುಕೊಳ್ಳಿ. ಕೊನೆಗೆ ಕೈಹಾಕಿದ್ದು ತೆರಿಗೆಗೆ. ದೇಶ ಸುತ್ತಿ ಹಳ್ಳಿಗಳ ಬಡತನ ಕಂಡಿದ್ದವನು, ಕುಲೀನರು ಪಾದ್ರಿಗಳು ಎನ್ನದೆ ಎಲ್ಲರೂ ಆದಾಯದಲ್ಲಿ ಹೆಚ್ಚೆಂದರೆ ಹತ್ತರಲ್ಲೊಂದು ಪಾಲು ಕೊಡಲಿ ಎಂದು ಬರೆದು, ಅಪ್ಪಣೆಯಿಲ್ಲದೆ ಅಚ್ಚು ಹಾಕಿಸಿದ. 1707ರಲ್ಲಿ ಅದನ್ನು ನಿಷೇಧಿಸಿದರು. ಅದೇ ವರ್ಷ ಮಾರ್ಚ್ 30ಕ್ಕೆ ಪ್ಯಾರಿಸಿನಲ್ಲಿ ತೀರಿಕೊಂಡ.

ನನ್ನ ತಡೆಗೋಡೆಯ ವಿಷಯಕ್ಕೆ ಬಂದರೆ, ಅದನ್ನು ಕೆಡವಿ ಹೊಸದಾಗಿ ಕಟ್ಟಲು ವರದಿ ಕೊಟ್ಟೆ. ವೀಪ್ ಹೋಲ್ ಪೈಪಿನ ಉದ್ದವನ್ನು ಡ್ರಾಯಿಂಗ್‌ನಲ್ಲಿ ಕೆಂಪು ಶಾಯಿಯಲ್ಲಿ ಬರೆದೆ. ಎಂಟು ತಿಂಗಳಾದ ಮೇಲೆ ಟೆಂಡರ್ ತೆರೆದರು. ಎಲ್-1, ಅಂದರೆ ಎಲ್ಲರಿಗಿಂತ ಕಡಿಮೆ ಕೇಳಿದವನು, 31 ಪರ್ಸೆಂಟ್ ಬಿಲೋ.