ಬರೋಲೋ ಏಕೆ ಇಷ್ಟು ಒಗರು, ಅದರ ಜೊತೆ ಏನು ತಿನ್ನಬೇಕು?

ಪ್ರಶ್ನೆ: ಇಟಲಿಗೆ ಹೋಗಿದ್ದ ನೆಂಟರು ಬರೋಲೋ ವೈನಿನ ಬಾಟಲಿ ತಂದುಕೊಟ್ಟರು. ಬಹಳ ಬೆಲೆಯದ್ದಂತೆ. ಆದರೆ ಬಣ್ಣ ತೆಳು, ಒಂದು ಗುಟುಕಿಗೇ ಬಾಯೆಲ್ಲ ಒಗರು. ವೈನ್ ಕೆಟ್ಟಿದೆಯೇ? ಇದನ್ನು ಯಾವ ಊಟದ ಜೊತೆ ಕುಡಿಯಬೇಕು?

ಉತ್ತರ: ಇವೆರಡನ್ನು ನೋಡಿ ವೈನ್ ಕೆಟ್ಟಿದೆ ಎನ್ನುವಂತಿಲ್ಲ. ತೆಳು ಬಣ್ಣ, ತುಂಬು ಒಗರು ಎರಡೂ ಬರೋಲೋದ ಹುಟ್ಟುಗುಣ. ಒಗರು ಎಂಬ ಪದವನ್ನೇ ನೀವು ಬಳಸಿದ್ದು ನನಗೆ ಖುಷಿಯಾಯಿತು. ಆರು ರುಚಿಗಳಲ್ಲಿ ಒಗರಿಗೂ ಒಂದು ಸ್ಥಾನ ಕೊಟ್ಟವರು ನಾವು. ಅದನ್ನು ಪಳಗಿಸುವುದೂ ನಮ್ಮ ಅಡುಗೆಮನೆಗೆ ಹೊಸತಲ್ಲ.

ಇಟಲಿಯ ವಾಯವ್ಯ ಮೂಲೆಯ ಪಿಯೆಮೊಂಟೆಯಲ್ಲಿ, ಆಲ್ಬಾ ಪಟ್ಟಣದ ಸುತ್ತ ಲಾಂಗೆ ಎಂಬ ಗುಡ್ಡಗಳಿವೆ. ಬರೋಲೋ ಅಲ್ಲಿನ ಒಂದು ಹಳ್ಳಿ. ಅದೂ ಸೇರಿ 11 ಊರುಗಳ ಎಲ್ಲೆಯೊಳಗೆ ಬೆಳೆದ ನೆಬ್ಬಿಯೋಲೋ ದ್ರಾಕ್ಷಿಯಿಂದಲೇ ಈ ವೈನ್ ಮಾಡಬೇಕು, ಬೇರೆ ತಳಿ ಬೆರೆಸುವಂತಿಲ್ಲ. ಈ ದ್ರಾಕ್ಷಿಯಲ್ಲಿ ಬಣ್ಣ ಕಡಿಮೆ, ಒಗರು ಕೊಡುವ ಟ್ಯಾನಿನ್ ಜಾಸ್ತಿ, ಹುಳಿಯೂ ಜಾಸ್ತಿ. 38 ತಿಂಗಳು ಮಾಗಿಸದೆ ಮಾರುವಂತಿಲ್ಲ. ಅದರಲ್ಲಿ ಕನಿಷ್ಠ 18 ತಿಂಗಳು ಮರದ ಪೀಪಾಯಿಯಲ್ಲಿ ಇರಬೇಕು. ಅಷ್ಟಾದರೂ ಎಳೆಯ ಬರೋಲೋ ಬಿರುಸಾಗಿಯೇ ಇರುತ್ತದೆ. ಬಾಟಲಿಯ ಮೇಲಿನ ಇಸವಿ ನೋಡಿ: ಹತ್ತು ವರ್ಷ ದಾಟಿಲ್ಲವಾದರೆ ನಿಮ್ಮ ಬಾಯಿ ಒಗರಾದುದರಲ್ಲಿ ಆಶ್ಚರ್ಯವಿಲ್ಲ.

ಟ್ಯಾನಿನ್ ಜೊಲ್ಲಿನಲ್ಲಿರುವ ಪ್ರೋಟೀನಿಗೆ ಅಂಟಿಕೊಳ್ಳುತ್ತದೆ. ಜೊಲ್ಲಿನ ಜಾರಿಕೆ ಹೋಗಿ ನಾಲಿಗೆ, ಒಸಡು ಬಿಗಿದಂತಾಗುತ್ತವೆ. ಬಾಯಲ್ಲಿ ಆಗಲೇ ಹಾಲಿನ ಅಥವಾ ಮಾಂಸದ ಪ್ರೋಟೀನು, ಕೊಬ್ಬು ಇದ್ದರೆ ಟ್ಯಾನಿನ್ ಅವುಗಳನ್ನೂ ಹಿಡಿದುಕೊಳ್ಳುತ್ತದೆ, ಜೊಲ್ಲಿನ ಮೇಲಿನ ಹಿಡಿತ ಸಡಿಲವಾಗುತ್ತದೆ. ಮಲೆನಾಡಿನಲ್ಲಿ ದಾಳಿಂಬೆ ಸಿಪ್ಪೆಯನ್ನೋ ಒಗರು ಚಿಗುರನ್ನೋ ತೆಂಗಿನಕಾಯಿಯ ಜೊತೆ ಅರೆದು, ಮಜ್ಜಿಗೆ ಬೆರೆಸಿ ತಂಬುಳಿ ಮಾಡುವುದನ್ನು ನೆನೆಯಿರಿ. ಲಾಂಗೆಯವರು ಬೆಣ್ಣೆ, ಚೀಸು, ಮಾಂಸದಿಂದ ಮಾಡುವುದೂ ಅದೇ ಕೆಲಸ. ಗೇರುಹಣ್ಣಿಗೆ ಉಪ್ಪು ಸವರಿ ತಿಂದವರಿಗೆ ಉಪ್ಪಿನ ಚೀಸು ಏಕೆ ಹೊಂದುತ್ತದೆ ಎಂದು ಬಿಡಿಸಿ ಹೇಳಬೇಕಾಗಿಲ್ಲ.

ಅಲ್ಲಿನ ಹೆಸರಾಂತ ಜೋಡಿ ಬ್ರಸಾಟೋ. ದನದ ಮಾಂಸದ ದೊಡ್ಡ ತುಂಡನ್ನು ಈರುಳ್ಳಿ, ಕ್ಯಾರೆಟ್, ಲವಂಗದೊಂದಿಗೆ ಬರೋಲೋದಲ್ಲೇ ನೆನೆಸಿಟ್ಟು, ಸಣ್ಣ ಉರಿಯಲ್ಲಿ ಗಂಟೆಗಟ್ಟಲೆ ಬೇಯಿಸುತ್ತಾರೆ. ಅಡುಗೆಗೆ ಸುರಿದ ವೈನೇ ಲೋಟಕ್ಕೂ ಬರುತ್ತದೆ. ನಮ್ಮಲ್ಲಿ ಮೆಣಸಿನ ಖಾರ ಹೆಚ್ಚು ಹಾಕದೆ ಬೇಯಿಸಿದ ಕುರಿಮಾಂಸವೂ ನಡೆಯುತ್ತದೆ.

ನನಗೆ ಅದಕ್ಕಿಂತ ಇಷ್ಟವಾದದ್ದು ತಾಯರಿನ್. ಶಾವಿಗೆಗಿಂತ ಸ್ವಲ್ಪ ಅಗಲದ ಪಾಸ್ತಾ. ಒಂದು ಕಿಲೋ ಹಿಟ್ಟಿಗೆ 30 ಮೊಟ್ಟೆಯ ಹಳದಿ ಹಾಕಿ ಕಲಸುವವರೂ ಇದ್ದಾರೆ. ಚಿನ್ನದ ಬಣ್ಣದ ಆ ಎಳೆಗಳನ್ನು ಬೆಣ್ಣೆಯಲ್ಲಿ ಹೊರಳಿಸಿ, ಚಳಿಗಾಲದ ಮುಂಚೆ ಆಲ್ಬಾದ ಸುತ್ತ ಮಣ್ಣಿನಡಿ ಸಿಗುವ ಬಿಳಿ ಟ್ರಫಲ್ ಅಣಬೆಯನ್ನು ಮೇಲೆ ತೆಳುವಾಗಿ ಹೆರೆದು ಹಾಕುತ್ತಾರೆ. ಟ್ರಫಲ್ ಎಲ್ಲಿಂದ ತರುವುದು ಎಂದು ಕೊರಗಬೇಡಿ. ಬೆಣ್ಣೆಯಲ್ಲಿ ಹುರಿದ ಅಣಬೆ ಹಾಕಿದ ರಿಸೊಟೊ (ಇಟಲಿಯ ಮೆತ್ತನೆಯ ಅನ್ನದ ಅಡುಗೆ) ಕೂಡ ಸೊಗಸಾಗಿ ಹೊಂದುತ್ತದೆ. ಹಳೆಯ, ಗಟ್ಟಿ ಚೀಸಂತೂ ಸೈ. ಸಸ್ಯಾಹಾರಿಗಳಿಗೆ ಒಂದು ಮಾತು: ಇಟಲಿಯ ಅಸಲಿ ಪಾರ್ಮಿಜಾನೊ ಚೀಸಿಗೆ ಹಾಲು ಒಡೆಸಲು ಕರುವಿನ ಜಠರದ ರೆನೆಟ್ ಬಳಸುತ್ತಾರೆ. ಬೇಡವೆಂದರೆ ಸಸ್ಯಾಹಾರಿ ರೆನೆಟ್‌ನಿಂದ ಮಾಡಿದ ಗಟ್ಟಿ ಚೀಸು ಆರಿಸಿಕೊಳ್ಳಿ.

ಖಾರದ ಸಾರು, ಕೆಂಪು ಮೆಣಸಿನ ಗಸಿಯ ಜೊತೆ ಮಾತ್ರ ಬೇಡ. ಬರೋಲೋದಲ್ಲಿ ಆಲ್ಕೋಹಾಲ್ ಕನಿಷ್ಠ ಶೇ. 13 ಇರುತ್ತದೆ, ಅದು ಖಾರದ ಉರಿಯನ್ನು ಹೆಚ್ಚಿಸುತ್ತದೆ. ಸಿಹಿತಿಂಡಿಯ ಜೊತೆಗೂ ಬೇಡ, ವೈನ್ ಬರೀ ಹುಳಿಯೆನಿಸುತ್ತದೆ.

ಬಾಟಲಿಯನ್ನು ಅರ್ಧ ಗಂಟೆ ಫ್ರಿಜ್ಜಿನಲ್ಲಿಡಿ; 16ರಿಂದ 18 ಡಿಗ್ರಿ ಸೆಲ್ಸಿಯಸ್ ಇದ್ದರೆ ಚೆನ್ನ. ಆಮೇಲೆ ಅಗಲ ಬಾಯಿಯ ಗಾಜಿನ ಹೂಜಿಗೆ ಸುರಿದು ಒಂದೆರಡು ಗಂಟೆ ಗಾಳಿಯಾಡಲು ಬಿಡಿ. ಮೊದಲ ಗುಟುಕು ಬರಿದೇ ಕುಡಿಯಿರಿ, ಚೀಸಿನ ತುಣುಕೊಂದನ್ನು ನಿಧಾನವಾಗಿ ಅಗಿಯಿರಿ, ಮತ್ತೆ ಗುಟುಕರಿಸಿ. ಒಗರು ಹಿಂದೆ ಸರಿದಾಗ ಒಣಗಿದ ಗುಲಾಬಿಯ ವಾಸನೆಯೂ ಅದರ ಬೆನ್ನಿಗೇ ಡಾಂಬರಿನ ಎಳೆಯೂ ಮೂಗಿಗೆ ಬರುತ್ತವೆ. ಬರೋಲೋ ಎಂದೊಡನೆ ಬಲ್ಲವರು ಹೇಳುವ ಜೋಡಿ ಪರಿಮಳ ಅದೇ.